ಟಗರಿನ ಹೊಟ್ಟೆ, ಈರಿಯ ಹೊಟ್ಟೆ

ಈ ಕಥೆ ನಿಮ್ಮ ಮುತ್ತಜ್ಜಿಯ ಕಾಲದ್ದು. ಚಳ್ಳಕೆರೆಗೆ ಇನ್ನೂ ರೈಲು ಬಂದಿರಲಿಲ್ಲ. ಮೊಳಕಾಲ್ಮುರಿಗೆ ಹೋಗಬೇಕೆಂದರೆ ಗಾಡಿ ಕಟ್ಟಬೇಕು, ಇಲ್ಲವೇ ಕಾಲು ಸವೆಸಬೇಕು. ಹಳೇ ಕಾಲದ ಪುರಾಣ ನಮಗೇಕೆ ಎಂದು ಎದ್ದು ಹೋಗಬೇಡಿ ಅಕ್ಕಂದಿರೇ. ಇದರಲ್ಲಿ ಬರುವ ತಪ್ಪನ್ನು ಮೊನ್ನೆ ಮೊನ್ನೆಯೂ ನಮ್ಮ ಬೀದಿಯಲ್ಲೇ ಮಾಡಿದ್ದಾರೆ. ಅದನ್ನು ನೋಡಿ ನೋಡಿ ಸಾಕಾಗಿಯೇ ಹೇಳಲು ಕುಳಿತಿದ್ದೇನೆ.

ನನ್ನಿವಾಳದ ಪಕ್ಕದ ಒಂದು ಹಟ್ಟಿಯಲ್ಲಿ ಯರ್ರಮ್ಮ ಎಂಬ ಹೆಂಗಸಿದ್ದಳು. ಅವಳಿಗೆ ಗಂಡ ಒಬ್ಬನೇ, ತಲೆನೋವು ಮಾತ್ರ ನಾಲ್ಕು ಗಂಡಂದಿರಷ್ಟು. ಅವನ ಹೆಸರು ದೊಡ್ಡಪಾಲಯ್ಯ.

ಕುರಿಯ ವಿಷಯದಲ್ಲಿ ದೊಡ್ಡಪಾಲಯ್ಯನ ಮಾತಿಗೆ ಎದುರಿರಲಿಲ್ಲ. ಹಿಕ್ಕೆ ನೋಡಿ ಕುರಿ ಯಾವ ಸೊಪ್ಪು ತಿಂದಿದೆ ಎಂದು ಹೇಳುವವನು. ಉಳ್ಳಾರ್ತಿ ಕಾವಲಿನಲ್ಲಿ ಸರ್ಕಾರದ ದನ ಕಾಯುವವರೂ ದನ ಮೇವು ಬಿಟ್ಟರೆ ಇವನನ್ನು ಹುಡುಕಿಕೊಂಡು ಬರುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯೇ. ತೊಂದರೆ ಏನೆಂದರೆ ಅವನು ಮನುಷ್ಯರನ್ನೂ ಅದೇ ಲೆಕ್ಕದಲ್ಲಿ ನೋಡುತ್ತಿದ್ದ. ಮಗನಿಗೆ ಜ್ವರ ಬಂದರೆ ಹಣೆ ಮುಟ್ಟುವುದು ಬಿಟ್ಟು ಕಿವಿ ಮುಟ್ಟುತ್ತಿದ್ದ. ಹೆಣ್ಣು ನೋಡಲು ಹೋದಾಗ ಸೊಸೆಯ ಹಲ್ಲು ನೋಡಬೇಕೆಂದು ಮುಂದೆ ಬಾಗಿದವನನ್ನು ಯರ್ರಮ್ಮ ರಟ್ಟೆ ಹಿಡಿದು ಎಳೆದು ಕೂರಿಸಿದ್ದಳು.

ಆ ವರ್ಷ ಮುಂಗಾರು ಚೆನ್ನಾಗಿಯೇ ಹಿಡಿಯಿತು. ಹಟ್ಟಿಯ ಕಟ್ಟೆಗೆ ಕೆಂಪು ನೀರು ಬಂತು. ಕುರಿ ಇಳಿಯುವುದೂ ಅದೇ ಕಟ್ಟೆಗೆ, ಹೆಂಗಸರು ಕೊಡ ಮುಳುಗಿಸುವುದೂ ಅದೇ ಕಟ್ಟೆಯಲ್ಲಿ. ನೊಣದ ಕಾಟವಂತೂ ಹೇಳತೀರದು. ಒಂದು ಬೆಳಿಗ್ಗೆ ಯರ್ರಮ್ಮನ ಮೊಮ್ಮಗಳು ಈರಿಗೆ ಹೊಟ್ಟೆ ಕೆಟ್ಟಿತು. ಈರಿ ಆಗ ತಾನೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದ ಕೂಸು, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅವಳ ಅಪ್ಪ ಹುಲಿಯಪ್ಪ ಮಂದೆ ಹೊಡೆದುಕೊಂಡು ದೇವಸಮುದ್ರದ ಕಡೆ ಹೋಗಿದ್ದ. ಮನೆಯಲ್ಲಿದ್ದವರು ತಾಯಿ ರಂಗಕ್ಕ, ಅಜ್ಜಿ ಯರ್ರಮ್ಮ, ತಾತ ದೊಡ್ಡಪಾಲಯ್ಯ.

ಹೊತ್ತು ಏರುವುದರೊಳಗೆ ಕೂಸು ನೀರು ನೀರಾಗಿ ಭೇದಿ ಮಾಡಿಕೊಂಡಿತು. ರಂಗಕ್ಕ ಒಂದು ಬಟ್ಟೆ ಒಗೆದು ಒಣಗಿಸುವಷ್ಟರಲ್ಲಿ ಇನ್ನೊಂದು ಬಟ್ಟೆ ಸಿದ್ಧ. ಯರ್ರಮ್ಮ ಚೊಂಬಿನಲ್ಲಿ ನೀರು ತಂದಳು. ದೊಡ್ಡಪಾಲಯ್ಯ ಕೈ ಅಡ್ಡ ಹಿಡಿದ.

“ನೀರು ಕೊಡ್ಬ್ಯಾಡ.”

“ಯಾಕೆ?”

“ಹೊಸ ಹುಲ್ಲು ತಿಂದು ಕುರಿ ಹೊಟ್ಟೆ ಕೆಟ್ರೆ ಏನ್ ಮಾಡ್ತೀವಿ? ರೊಪ್ಪದಾಗೆ ಕೂಡಿ ಹಾಕ್ತೀವಿ, ನೀರು ತೋರ್ಸಲ್ಲ. ಹಿಕ್ಕೆ ತಾನಾಗೇ ಗಟ್ಟಿ ಆಗ್ತೈತೆ. ಹಿಂಗೇ ಎಷ್ಟು ಕುರಿ ಉಳ್ಸಿಲ್ಲ ನಾನು?”

“ಇದು ಕುರಿ ಅಲ್ಲ ಮಾರಾಯ. ನಿನ್ ಮೊಮ್ಮಗಳು!”

“ಹೊಟ್ಟೆ ಅಂದ್ರೆ ಹೊಟ್ಟೇನೇ. ತೂತು ಬಿದ್ದ ಕೊಡಕ್ಕೆ ಹುಯ್ದಷ್ಟೂ ಸೋರ್ತೈತೆ. ಮೊದ್ಲು ಸೋರೋದು ನಿಲ್ಲಲಿ.”

ನೀರು ಮಾತ್ರವಲ್ಲ, ಎದೆಹಾಲೂ ಬೇಡ ಎಂದ. ರಂಗಕ್ಕ ಮಾವನ ಮುಂದೆ ತಲೆ ಎತ್ತಿದವಳಲ್ಲ. ಸೆರಗು ಕಚ್ಚಿಕೊಂಡು ಮೂಲೆಯಲ್ಲಿ ಕುಳಿತಳು. ದೊಡ್ಡಪಾಲಯ್ಯ ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ತನ್ನ ಕಂಬಳಿ ಹೊದಿಸಿದ.

ಅದನ್ನು ಕಂಡು ಯರ್ರಮ್ಮನಿಗೂ ದಿಗಿಲಾಯಿತು. ಆ ಕಂಬಳಿ ಅವನಿಗೆ ದೇವರ ಸಮಾನ. ಅದರ ಹತ್ತಿರ ಕೂಸುಗಳನ್ನು ಬಿಡುತ್ತಲೇ ಇರಲಿಲ್ಲ. ಹುಲಿಯಪ್ಪ ಎಳೆಗೂಸಾಗಿದ್ದಾಗ ಒಮ್ಮೆ ಅದರ ಮೇಲೆ ಉಚ್ಚೆ ಹೊಯ್ದದ್ದಕ್ಕೆ ಇಡೀ ಹಟ್ಟಿಗೆ ಕೇಳುವಂತೆ ಕೂಗಾಡಿದ್ದ. ಈಗ ತಾನೇ ಹೊದಿಸುತ್ತಿದ್ದಾನೆಂದರೆ ಅವನಿಗೂ ಒಳಗೊಳಗೇ ಹೆದರಿಕೆಯಾಗಿದೆ. ಹೆದರಿಕೆ ಇದೆ, ಪ್ರೀತಿ ಇದೆ, ಆದರೆ ಕಿವಿ ಇಲ್ಲ. ಇಂಥವನಿಗೆ ಏನು ಹೇಳುವುದು?

ಹೆದರಿದವನು ಮಾರಮ್ಮನಿಗೆ ಟಗರು ಹರಕೆ ಹೊತ್ತ. ಟಗರನ್ನು ಹಿತ್ತಲಿನ ಗೂಟಕ್ಕೆ ಕಟ್ಟಲು ಎದ್ದು ಹೋದ. ಹರಕೆಯ ಟಗರಿಗೆ ಹಿಂದಿನ ದಿನವೆಲ್ಲ ಮೇವು ನೀರು ಮುಟ್ಟಿಸದಿರುವುದು ಆ ಮನೆಯ ಪದ್ಧತಿ. ಅವನು ಹಿತ್ತಲಿಗೆ ಹೋದದ್ದೇ ತಡ, ಯರ್ರಮ್ಮ ಚೊಂಬನ್ನು ಈರಿಯ ಬಾಯಿಗೆ ಹಿಡಿದಳು. ಬಾಯಾರಿದ ಕೂಸು ಚೊಂಬನ್ನೇ ಕಚ್ಚಿಕೊಂಡು ಗಟಗಟನೆ ಕುಡಿಯಿತು. ಕುಡಿದದ್ದೆಲ್ಲ ಮರುಗಳಿಗೆಯಲ್ಲೇ ವಾಂತಿಯಾಗಿ ಹೊರಗೆ ಬಂತು. ಅಷ್ಟರಲ್ಲಿ ದೊಡ್ಡಪಾಲಯ್ಯ ಬಾಗಿಲಲ್ಲಿ ನಿಂತಿದ್ದ.

“ನೋಡ್ದಾ? ಹೊಟ್ಟೇನೇ ಬ್ಯಾಡ ಅಂತೈತೆ. ನಾನ್ ಹೇಳಿದ್ರೆ ಕೇಳಲ್ಲ ನೀನು.”

ತಾನೇ ತಪ್ಪು ಮಾಡಿದೆನೇನೋ ಎಂಬ ಅಳುಕು ಯರ್ರಮ್ಮನಿಗೂ ಹೊಕ್ಕಿತು. ಅವನು ಮತ್ತೆ ಕೂಸನ್ನು ತೊಡೆಗೆ ಎಳೆದುಕೊಂಡ. ಆಮೇಲೆ ಏಳಲೇ ಇಲ್ಲ.

ಮರುದಿನ ಬೆಳಗಾಗುವ ಹೊತ್ತಿಗೆ ಈರಿಯ ಕಣ್ಣುಗಳು ಒಳಗೆ ಹೋಗಿದ್ದವು. ನೆತ್ತಿ ಗುಳಿ ಬಿದ್ದಿತ್ತು. ತುಟಿ ಸಿಪ್ಪೆ ಎದ್ದಿತ್ತು. ಹಿಂದಿನ ಸಂಜೆಯಿಂದ ಉಚ್ಚೆ ಹೊಯ್ದಿರಲಿಲ್ಲ. ಯರ್ರಮ್ಮ ಎತ್ತಿಕೊಳ್ಳಲು ಹೋದಾಗ ಕೂಸು ಅತ್ತಿತು. ಬಾಯಿ ಅಳುತ್ತಿದೆ, ಮುಖ ಅಳುತ್ತಿದೆ, ಕಣ್ಣಲ್ಲಿ ಮಾತ್ರ ಒಂದು ಹನಿಯೂ ಇಲ್ಲ. ಯರ್ರಮ್ಮ ಆರು ಹೆತ್ತವಳು, ಮೂವರನ್ನು ಮಣ್ಣಿಗೆ ಕೊಟ್ಟವಳು. ಕಣ್ಣೀರಿಲ್ಲದ ಈ ಅಳುವನ್ನು ಅವಳು ಹಿಂದೆಯೂ ಕೇಳಿದ್ದಳು.

“ಕೂಸು ಹೋಗ್ತೈತೆ ಕಣೋ!” ಎಂದು ಕೂಗಿದಳು. “ಇನ್ನಾದ್ರೂ ಒಂದು ತೊಟ್ಟು ನೀರು ಹಾಕೋಣ!”

ಸಿಟ್ಟು ಬಂದರೆ ದೊಡ್ಡಪಾಲಯ್ಯನ ಬಾಯಲ್ಲಿ ತೆಲುಗು ಬರುತ್ತಿತ್ತು. “ನೀಕೇಂ ತೆಲುಸೇ!” ಎಂದ. ನಿನಗೇನು ಗೊತ್ತು ಎಂದು. “ಇವತ್ತು ಮಾರಮ್ಮನ ಹರಕೆ ತೀರ್ಲಿ. ತಾಯಿ ಕಣ್ಬಿಡ್ತಾಳೆ.”

ಯರ್ರಮ್ಮ ಹಣೆ ಚಚ್ಚಿಕೊಂಡು ಹೊರಗೆ ಬಂದಳು. ಬಂದವಳು ನೋಡಿದ್ದೇನು? ಹಟ್ಟಿಯಲ್ಲಿ ಒಂದೊಂದೇ ಬಾಗಿಲು ದಡದಡ ಮುಚ್ಚಿಕೊಳ್ಳುತ್ತಿದೆ. ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡುತ್ತಿದ್ದಾರೆ. ಅಂದರೆ ಚಿಕ್ಕಬಸಪ್ಪ ಬಂದಿದ್ದಾನೆ ಎಂದೇ ಅರ್ಥ.

ಚಿಕ್ಕಬಸಪ್ಪ ಸರ್ಕಾರದ ಕಡೆಯವನು. ಸಿಡುಬು ಬಾರದಿರಲೆಂದು ಮಕ್ಕಳ ತೋಳಿಗೆ ದಾಕು ಹಾಕುತ್ತಾ ಊರೂರು ತಿರುಗುವವನು. ಪಾಪ, ಅವನು ಬಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೋದ ಸಲ ಯರ್ರಮ್ಮನೇ ಈರಿಯನ್ನು ಕಾಳು ತುಂಬುವ ವಾಡೆಯೊಳಗೆ ಇಳಿಸಿ, ಮೇಲೆ ಮೊರ ಮುಚ್ಚಿ, “ನಮ್ಮನ್ಯಾಗೆ ಕೂಸೇ ಇಲ್ಲ” ಎಂದಿದ್ದಳು. ವಾಡೆಯೊಳಗಿಂದ ಕೂಸು ಕಿಲಕಿಲ ನಕ್ಕಿತ್ತು. ಈಗ ಅದೇ ಯರ್ರಮ್ಮ ಓಡಿ ಹೋಗಿ ಅವನ ಹೆಗಲ ವಲ್ಲಿಯ ತುದಿ ಹಿಡಿದಳು.

“ಬರ್ರೀ ಚಿಕ್ಕಬಸಪ್ನೋರೇ, ನಮ್ ಕೂಸು ನೋಡ್ರಿ.”

“ಯಾವ ಕೂಸು? ವಾಡೆಯಾಗಿಂದಾ?” ಎಂದ ಚಿಕ್ಕಬಸಪ್ಪ. ಊರೂರು ಸುತ್ತಿ, ಬೈಸಿಕೊಂಡು, ಅವನಿಗೂ ಸಾಕಾಗಿತ್ತು. ಆದರೆ ಅವಳ ಮುಖ ನೋಡಿದವನು ಹಿಂದೆಯೇ ಬಂದ.

ಜಗಲಿಯ ಮೇಲೆ ದೊಡ್ಡಪಾಲಯ್ಯ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದ. ಅಂಗಳದಾಚೆ ಮಾರಮ್ಮನ ಕಲ್ಲಿನ ಮುಂದೆ ನೆರೆಮನೆಯ ಜಂಪಣ್ಣ ಟಗರಿಗೆ ಅರಿಸಿನ ನೀರು ಚಿಮುಕಿಸುತ್ತಿದ್ದ. ಚಿಕ್ಕಬಸಪ್ಪ ಬಗ್ಗಿ ಈರಿಯ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟ. ಹಿಡಿದ ಚರ್ಮ ಹಾಗೇ ನಿಂತಿತ್ತು, ನಿಧಾನವಾಗಿ ಇಳಿಯಿತು.

“ಮೈಯಾಗೆ ನೀರೇ ಇಲ್ಲ. ಏನ್ ಕುಡ್ಸೀರಿ ಇದಕ್ಕೆ?”

“ಏನೂ ಇಲ್ಲ” ಎಂದ ದೊಡ್ಡಪಾಲಯ್ಯ, ದೊಡ್ಡ ಕೆಲಸ ಮಾಡಿದವನ ಹಾಗೆ.

ಚಿಕ್ಕಬಸಪ್ಪ ಅವನನ್ನೇ ನೋಡಿದ. “ಯಜಮಾನ್ರೇ, ಹಿಂಗೇ ಬಿಟ್ರೆ ಸಂಜಿತನಕ ಉಳಿಯಲ್ಲ ಇದು. ಇಲ್ಲಿ ಕೇಳ್ರಿ. ಬಾಯಾಗೆ ಅಗಿದು ನುಂಗಿದ್ದು ಹೊಟ್ಟೆಗೆ ಹೋಗ್ತೈತೆ. ಮನುಷ್ಯನಿಗೆ ಇರೋದು ಒಂದೇ ಹೊಟ್ಟೆ. ಅಲ್ಲಿ ಹುಳಿ ರಸ ಬೆರೆತು ಮಜ್ಜಿಗೆ ಕಡೆದಂಗೆ ಕಡೀತೈತೆ. ಆಮೇಲೆ ಕರುಳಿಗೆ ಇಳೀತೈತೆ. ಕರುಳು ಸಾರ ಹೀರ್ಕೊಂಡು ಮೈಗೆ ಕೊಡ್ತೈತೆ. ಕುಡಿದ ನೀರನ್ನೂ ಹೀರೋದು ಅದೇ. ಭೇದಿ ಆದಾಗ ಕರುಳಿಗೆ ನೀರು ಹಿಡಿಯೋ ತ್ರಾಣ ಇರಲ್ಲ. ಕುಡಿದಿದ್ದಷ್ಟೇ ಅಲ್ಲ, ಮೈಯಾಗಿನ ನೀರು, ಉಪ್ಪು ಎಲ್ಲಾ ಹೊರಗೆ ಹೋಗ್ತೈತೆ. ಹೋದಷ್ಟೂ ತುಂಬ್ಬೇಕು.”

“ತುಂಬ್ದಷ್ಟೂ ಹೋಗ್ತೈತಲ್ಲ! ನಿನ್ನೆ ನಮ್ಮೋಳು ಕುಡ್ಸಿದ್ಲು, ಎಲ್ಲಾ ಕಕ್ಕಿತು.”

“ಚೊಂಬುಗಟ್ಲೆ ಸುರುವಿದ್ರೆ ಯಾರಾದ್ರೂ ಕಕ್ತಾರೆ. ಗುಟುಕು ಗುಟುಕೇ ಹಾಕ್ಬೇಕು. ಕೆಟ್ಟ ಕರುಳೂ ಅಷ್ಟಷ್ಟು ಹೀರ್ಕೊಳ್ತೈತೆ.”

“ಕುರಿಗೂ ಕರುಳೈತೆ. ನಾವು ನೀರು ಕೊಡಲ್ಲ. ಅದು ಬದುಕ್ತೈತೆ.”

“ಕುರಿ ಸಮಾಚಾರ ನನಗೆ ಗೊತ್ತಿಲ್ಲ ಯಜಮಾನ್ರೇ.”

“ಗೊತ್ತಿಲ್ಲ ಅಂದ್ಮೇಲೆ ಸುಮ್ನಿರ್ರಿ” ಎಂದು ದೊಡ್ಡಪಾಲಯ್ಯ ಮುಖ ತಿರುಗಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲನ್ನು ತೋರಿಸುವವರು ಯಾರು? ಚಿಕ್ಕಬಸಪ್ಪ ಯರ್ರಮ್ಮನ ಕಡೆ ನೋಡಿ ಎರಡೂ ಕೈ ಚೆಲ್ಲಿದ. ಯರ್ರಮ್ಮ ಕೂಸನ್ನು ಕಿತ್ತುಕೊಳ್ಳಲು ಹೋದಳು. ಅವನು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಕಿತ್ತಾಟದಲ್ಲಿ ಕೂಸು ನರಳಿತು. ಅವಳು ಕೈ ಬಿಟ್ಟಳು.

ಅತ್ತ ಜಂಪಣ್ಣ ಟಗರು ಕೊಯ್ದು ಮುಗಿಸಿ ಕೂಗಿದ. “ಅಕ್ಕಾ, ಬೋಟಿ ತಗೊಂಡ್ ಹೋಗು!”

ಮನೆಯಲ್ಲಿ ಮಗು ಸಾಯುತ್ತಿದ್ದರೂ ಬೋಟಿ ತೊಳೆಯುವ ಕೆಲಸ ಹೆಂಗಸರಿಗೆ ತಪ್ಪುವುದಿಲ್ಲ. ಯರ್ರಮ್ಮ ಸಿಟ್ಟಿನಿಂದಲೇ ಬಾನಿ ಎತ್ತಿಕೊಂಡು ಹೋಗಿ, ಟಗರಿನ ಹೊಟ್ಟೆ ಕರುಳನ್ನೆಲ್ಲ ಅದಕ್ಕೆ ತುಂಬಿಕೊಂಡು ಹಿತ್ತಲಿಗೆ ಬಂದಳು. ಕುಡುಗೋಲಿಗೆ ದೊಡ್ಡ ಹೊಟ್ಟೆಯನ್ನು ಒತ್ತಿ ಸೀಳಿದಳು. ಒಳಗಿದ್ದ ಹಸಿರು ನೀರು, ಅರ್ಧ ಅಗಿದ ಹುಲ್ಲು ಸಮೇತ ಬುಳಬುಳನೆ ಬಾನಿಗೆ ಸುರಿಯಿತು. ಸುರಿಯಿತು, ಸುರಿಯುತ್ತಲೇ ಇತ್ತು. ಬಾನಿ ಅರ್ಧ ತುಂಬಿತು.

ಮದುವೆಯಾಗಿ ಬಂದಾಗಿನಿಂದ ಅವಳು ತೊಳೆದ ಬೋಟಿಗೆ ಲೆಕ್ಕವಿಲ್ಲ. ಪ್ರತಿ ಸಲವೂ ಈ ನೀರಿಗೆ ಮೂಗು ಮುಚ್ಚಿ ಬೈದು ತಿಪ್ಪೆಗೆ ಚೆಲ್ಲಿದ್ದಳು. ಇವತ್ತು ಅವಳ ಕೈ ನಿಂತಿತು. ಈ ಟಗರು ನಿನ್ನೆಯಿಂದ ನೀರಿನ ಮುಖ ಕಂಡಿಲ್ಲ. ಮತ್ತೆ ಇಷ್ಟು ನೀರು ಎಲ್ಲಿಂದ ಬಂತು? ಚಿಕ್ಕಬಸಪ್ಪ ಹೇಳಿದ ಮಾತು ಕಿವಿಯಲ್ಲಿತ್ತು. ಮನುಷ್ಯನಿಗೆ ಇರೋದು ಒಂದೇ ಹೊಟ್ಟೆ.

ಯರ್ರಮ್ಮ ಕುಡುಗೋಲು ಬಿಸಾಡಿದಳು. ಬಾನಿಯನ್ನು ಸೊಂಟಕ್ಕೆ ಏರಿಸಿಕೊಂಡು, ಸೀರೆಯ ಮೇಲೆಲ್ಲ ತುಳುಕಿಸಿಕೊಂಡು, ಜಗಲಿಗೆ ಬಂದು ಗಂಡನ ಮುಂದೆ ಧೊಪ್ಪನೆ ಇಟ್ಟಳು. ನಾಲ್ಕು ಮನೆಯಾಚೆಗೂ ನಾತ ಹೊಡೆಯಿತು. ಚಿಕ್ಕಬಸಪ್ಪ ವಲ್ಲಿಯಿಂದ ಮೂಗು ಮುಚ್ಚಿಕೊಂಡ.

“ನಿನಗೇನು ತಲೆ ಕೆಟ್ಟೈತೇನೇ?” ಎಂದ ದೊಡ್ಡಪಾಲಯ್ಯ.

“ಹೌದು, ಕೆಟ್ಟೈತೆ. ನಿನ್ ಜೊತೆ ಬಾಳ್ವೆ ಮಾಡಿ ಕೆಡದೆ ಏನಾದೀತು? ನೋಡಿಲ್ಲಿ. ಈ ಟಗರು ನೀರು ಕುಡಿದಿದ್ದು ಯಾವಾಗ?”

“ನಿನ್ನೆ ಬೆಳಿಗ್ಗೆ. ಆಮೇಲೆ ನಾನೇ ಕಟ್ಟಿ ಹಾಕಿದ್ನಲ್ಲ.”

“ಹಂಗಾದ್ರೆ ಇದೇನು?”

ದೊಡ್ಡಪಾಲಯ್ಯ ಬಾನಿಯೊಳಗೆ ಇಣುಕಿದ.

“ಬೋಟಿ ತಿಂದೋನು ನೀನು, ತೊಳೆದೋಳು ನಾನು. ಹೊರಗಿಂದ ಕುರಿ ನಿನಗೆ ಗೊತ್ತಿರಬಹುದು, ಒಳಗಿಂದ ನನಗೆ ಗೊತ್ತು.” ಯರ್ರಮ್ಮ ಬಾನಿಗೆ ಕೈ ಹಾಕಿ ಒಂದೊಂದನ್ನೇ ಎತ್ತಿ ತೋರಿಸಿದಳು. “ಇದು ದೊಡ್ಡ ಚೀಲ, ಒಳಗೆಲ್ಲಾ ನಿನ್ ಕಂಬಳಿ ಇದ್ದಂಗೆ ಜುಂಗು. ಮೇಯುವಾಗ ಅಗಿಯದಂಗೆ ನುಂಗಿದ್ದೆಲ್ಲಾ ಇಲ್ಲಿಗೆ ಬೀಳ್ತೈತೆ. ನೀರೂ ಇಲ್ಲೇ ನಿಲ್ತೈತೆ. ಇದು ಜೇನುಹುಟ್ಟು ಇದ್ದಂಗೆ ಐತಲ್ಲ, ಎರಡನೇದು. ಇವೆರಡರಾಗಿಂದ ಹುಲ್ಲು ವಾಪಸ್ ಬಾಯಿಗೆ ಬರ್ತೈತೆ, ಮಲಗಿಕೊಂಡು ಮೆಲುಕು ಹಾಕ್ತೈತೆ. ಇಗೋ ಇದು ಎಲೆ ಮೇಲೆ ಎಲೆ ಜೋಡಿಸಿದಂಗೆ ಐತೆ, ವೀಳ್ಯದೆಲೆ ಕಟ್ಟಿನಂಗೆ. ಇದು ಮೂರನೇದು. ಕೊನೇಗೆ ಈ ಲೋಳೆ ಚೀಲ. ನಾಲ್ಕು ಕೋಣೆ ಮನೆ ಇದು! ಎಲ್ಲಾ ದಾಟಿ ಆಮೇಲೆ ಕರುಳು.”

“ನಮ್ಮ ಹೊಟ್ಟೆ ಅಂದ್ರೆ ಆ ಕೊನೇ ಚೀಲ ಒಂದೇ ಇದ್ದಂಗೆ” ಎಂದ ಚಿಕ್ಕಬಸಪ್ಪ ವಲ್ಲಿಯೊಳಗಿಂದ. “ಮುಂದಿನ ಮೂರೂ ನಮಗಿಲ್ಲ.”

“ಕೇಳ್ದಾ?” ಎಂದಳು ಯರ್ರಮ್ಮ. “ನಿನ್ ಟಗರು ಹೊಟ್ಟೆಯಾಗೇ ಒಂದು ಕಟ್ಟೆ ಇಟ್ಕೊಂಡು ಓಡಾಡ್ತೈತೆ. ನೀನು ನೀರು ಬಿಡಿಸಿದ್ರೆ ಅದು ಆ ಕಟ್ಟೆ ನೀರು ಕುಡ್ಕೊಂಡಿರ್ತೈತೆ. ಈರಿ ಹೊಟ್ಟೆ ಎಷ್ಟೈತೆ? ಅವಳ ಮುಷ್ಟಿ ನೋಡು, ಅದಕ್ಕಿಂತ ಒಂದಿಷ್ಟು ದೊಡ್ಡದು. ಅವಳ ಕಟ್ಟೆ ಎಲ್ಲೈತೆ? ತೋರ್ಸು ನನಗೆ! ಅವಳು ಎಲ್ಲಿಂದ ಕುಡೀಬೇಕು?”

ದೊಡ್ಡಪಾಲಯ್ಯ ಬಾನಿಯೊಳಗೆ ಕೈ ಇಳಿಸಿದ. ಮಣಿಕಟ್ಟಿನವರೆಗೂ ಮುಳುಗಿತು. ಕೈ ತೆಗೆದು, ಅದೇ ಕೈಯಿಂದ ಕೂಸಿನ ಬಾಯಿ ತೆರೆಯಲು ಹೋದ.

“ಕೈ ತೊಳೀರಿ ಮೊದ್ಲು!” ಎಂದು ಚಿಕ್ಕಬಸಪ್ಪ ಕಿರುಚಿದ. “ಹೊಟ್ಟೆ ಕೆಡೋದೇ ಈ ಕೈಯಿಂದ! ಎಷ್ಟು ಅಂತ ಹೇಳ್ಲಿ ನಾನು ಈ ಜನಕ್ಕೆ!”

ದೊಡ್ಡಪಾಲಯ್ಯ ಬೆಚ್ಚಿ ಕೈ ಹಿಂದೆಳೆದ. ರಂಗಕ್ಕ ಮೂಲೆಯಿಂದ ಎದ್ದು ಬಂದು, ಮಾವನ ಕೈಗೆ ಬೂದಿ ಕೊಟ್ಟು ನೀರು ಹಾಕಿದಳು. ಕೈ ತೊಳೆದವನು ಮರಿಯ ಬಾಯಿ ತೆರೆಯುವ ಹಾಗೆ ಮೆಲ್ಲಗೆ ಈರಿಯ ಬಾಯಿ ತೆರೆದು, ನಾಲಗೆಯ ಮೇಲೆ ಬೆರಳಿಟ್ಟ. ಒಣಗಿ ಹಪ್ಪಳವಾಗಿತ್ತು.

“ಟಗರಿಗೆ ಕಟ್ಟೆ ಐತೆ” ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. “ನನ್ ಕೂಸಿಗೆ ಬೊಗಸೆ ನೀರೂ ಇಲ್ಲ. ಹೇಳ್ರಿ ಚಿಕ್ಕಬಸಪ್ನೋರೇ. ಏನ್ ಮಾಡ್ಬೇಕು? ಬೇಗ ಹೇಳ್ರಿ!”

ನಿನ್ನೆಯಿಂದ ಹೇಳುತ್ತಿರುವವಳನ್ನು ಬಿಟ್ಟು ಅವನನ್ನು ಕೇಳಿದ. ಯರ್ರಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಉರಿದುಕೊಳ್ಳಲು ಹೊತ್ತೆಲ್ಲಿತ್ತು? ಅವಳು ಆಗಲೇ ಕೈ ತೊಳೆದು ಒಲೆ ಹಚ್ಚುತ್ತಿದ್ದಳು.

“ಅಕ್ಕಿ ಐತಾ?” ಎಂದ ಚಿಕ್ಕಬಸಪ್ಪ.

“ನಮ್ಮಂಥೋರ ಮನ್ಯಾಗೆ ಅಕ್ಕಿ ಎಲ್ಲಿಂದ ಬರ್ಬೇಕು? ನವಣೆ ಐತೆ.”

“ನವಣೇನೇ ಆಗ್ಲಿ. ನೀರು ಚೆನ್ನಾಗಿ ಕುದೀಲಿ. ಗಂಜಿ ತೆಳ್ಳಗೆ ಬೇಯಿಸಿ, ಬಟ್ಟೆಯಾಗೆ ಸೋಸು. ಚಿಟಿಕೆ ಉಪ್ಪು ಹಾಕು, ಜಾಸ್ತಿ ಬ್ಯಾಡ. ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿರಬಾರದು.”

“ಕಣ್ಣೀರಿನ ರುಚಿ ನನಗೆ ಚೆನ್ನಾಗೇ ಗೊತ್ತೈತೆ ಬಿಡ್ರಿ” ಎಂದಳು ಯರ್ರಮ್ಮ, ಗಂಡನ ಕಡೆ ನೋಡಿ.

ಗಂಜಿಯ ತಿಳಿ ಆರಿದ ಮೇಲೆ, ಕೂಸುಗಳಿಗೆ ಹಾಲು ಹಾಕುವ ಒಳಲೆಯಲ್ಲಿ ಈರಿಯ ಬಾಯಿಗೆ ಒಂದು ಗುಟುಕು. ತಡೆದು ಇನ್ನೊಂದು. ಸ್ವಲ್ಪ ಹೊತ್ತಿಗೆ ಕೂಸು ಕಕ್ಕಿತು. ದೊಡ್ಡಪಾಲಯ್ಯ “ಅಯ್ಯೋ, ನೋಡ್ದಾ!” ಎಂದು ಎದ್ದೇಬಿಟ್ಟ. ಚಿಕ್ಕಬಸಪ್ಪ ಅವನ ಭುಜ ಹಿಡಿದು ಕೂರಿಸಿದ. “ಕಕ್ಕಿದ್ರೆ ಕಕ್ಲಿ. ಒಂದು ಎಲೆಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತು ಬಿಟ್ಟು ಮತ್ತೆ ಹಾಕ್ರಿ. ಇನ್ನೂ ನಿಧಾನಕ್ಕೆ.” ಮತ್ತೆ ಹಾಕಿದರು. ಈ ಸಲ ನಿಂತಿತು. ರಂಗಕ್ಕ ಕೂಸನ್ನು ಎದೆಗೆ ಹಚ್ಚಿಕೊಂಡಳು. ಮಾವನ ಅಪ್ಪಣೆ ಕೇಳಲಿಲ್ಲ. ಅವನೂ ಮುಖ ಆಚೆ ಮಾಡಿಕೊಂಡ.

ಭೇದಿ ನಿಂತಿರಲಿಲ್ಲ. ಆಗಾಗ ಆಗುತ್ತಲೇ ಇತ್ತು. ಪ್ರತಿ ಸಲವೂ ದೊಡ್ಡಪಾಲಯ್ಯನ ಮುಖ ಕಪ್ಪಿಡುತ್ತಿತ್ತು. “ನಿಂತೇ ಇಲ್ವಲ್ಲ?” ಎನ್ನುತ್ತಿದ್ದ. “ಅದು ನಿಲ್ಲೋವಾಗ ನಿಲ್ತೈತೆ. ಹೋದಷ್ಟು ತುಂಬೋದು ನಮ್ ಕೆಲಸ” ಎಂದು ಅವನಿಗೆ ಹೇಳಿ ಹೇಳಿ ಯರ್ರಮ್ಮನಿಗೇ ಬಾಯಿ ಒಣಗಿತು. ಚಿಕ್ಕಬಸಪ್ಪ ಅವತ್ತು ಮುಂದಿನ ಊರಿಗೆ ಹೋಗಲಿಲ್ಲ. ಸಂಜೆ ಹೊತ್ತಿಗೆ ಈರಿ ಕಣ್ಣು ಬಿಟ್ಟು ಒಳಲೆಯನ್ನು ತಾನೇ ಹಿಡಿಯಲು ಕೈ ಚಾಚಿದಳು.

ಮರುದಿನ ಬೆಳಿಗ್ಗೆ ಯರ್ರಮ್ಮ ಕಸ ಗುಡಿಸುತ್ತಿದ್ದಾಗ ಜಗಲಿಯಿಂದ ಗಂಡನ ಕೂಗು ಕೇಳಿಸಿತು. ಅವಳ ಕೈಯಿಂದ ಪೊರಕೆ ಬಿತ್ತು. ಓಡಿ ಬಂದಳು.

ದೊಡ್ಡಪಾಲಯ್ಯ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕುಳಿತಿದ್ದ. ಅವನ ತೊಡೆ ಒದ್ದೆ, ಕಂಬಳಿ ಒದ್ದೆ, ಜಗಲಿಯಿಂದ ತೊಟ್ಟಿಕ್ಕುತ್ತಿದೆ.

“ಉಚ್ಚೆ ಹೊಯ್ದ್ಲು ಕಣೇ!” ಎಂದ. ಅವನ ಕಣ್ಣೂ ತೊಟ್ಟಿಕ್ಕುತ್ತಿತ್ತು. “ಎಷ್ಟು ಹೊಯ್ದ್ಲು ಗೊತ್ತಾ! ನೋಡಿಲ್ಲಿ!”

ಯರ್ರಮ್ಮ ಅಲ್ಲೇ ಕುಳಿತಳು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. “ಕೊಡಿಲ್ಲಿ ಕಂಬಳಿ, ಒಗೆದು ಹಾಕ್ತೀನಿ.”

“ಬ್ಯಾಡ, ಸ್ವಲ್ಪ ಹೊತ್ತು ಹಂಗೇ ಇರ್ಲಿ.”

ಇಷ್ಟೆಲ್ಲ ಆದ ಮೇಲೆ ಅವನು ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಿದನೇ? ಹೇಳಿದ್ದರೆ ಅವನು ದೊಡ್ಡಪಾಲಯ್ಯನೇ ಅಲ್ಲ. ಹಟ್ಟಿಯಲ್ಲಿ ಹೇಳಿಕೊಂಡು ಬಂದದ್ದೇ ಬೇರೆ. “ಮಾರಮ್ಮ ಟಗರಿನ ಹೊಟ್ಟೆಯಾಗೆ ಕೂತು ನನಗೆ ಬುದ್ಧಿ ಹೇಳಿದ್ಲು” ಎಂದ. ಅದನ್ನು ಕೇಳಿ ಯರ್ರಮ್ಮ ಹಣೆ ಚಚ್ಚಿಕೊಂಡಳು. ಬಾನಿ ಹೊತ್ತವಳು ತಾನು, ನಾತ ಕುಡಿದವಳು ತಾನು, ಹೆಸರು ಮಾರಮ್ಮನಿಗೆ! ಆದರೆ ಆಮೇಲೆ ಯಾವ ಮನೆಯಲ್ಲಿ ಕೂಸಿಗೆ ಹೊಟ್ಟೆ ಕೆಟ್ಟರೂ ದೊಡ್ಡಪಾಲಯ್ಯನೇ ಮೊದಲು ಓಡುತ್ತಿದ್ದ. “ಕುರಿಗೆ ಕಟ್ಟೆ ಐತೆ, ಕೂಸಿಗೆ ಬೊಗಸೇನೂ ಇಲ್ಲ. ಗಂಜಿ ಹಾಕ್ರಲೇ!” ಎಂದು ಕೋಲು ಕುಟ್ಟಿ ಕೂಗುತ್ತಿದ್ದ. ಅದನ್ನು ಕಂಡು ಯರ್ರಮ್ಮ ಸುಮ್ಮನಾದಳು. ಯಾರ ಹೆಸರಿನಲ್ಲಾದರೂ ಸರಿ, ಕೂಸು ಉಳಿದರೆ ಸಾಕು. ಚಿಕ್ಕಬಸಪ್ಪ ಮುಂದಿನ ಸಲ ಬಂದಾಗ ಅವಳು ಈರಿಯನ್ನು ವಾಡೆಯಲ್ಲಿ ಇಳಿಸಲಿಲ್ಲ. ತಾನೇ ತೋಳು ಹಿಡಿದು ಕೂರಿಸಿ ದಾಕು ಹಾಕಿಸಿದಳು. ದೊಡ್ಡಪಾಲಯ್ಯ ಮಾತ್ರ ಅದಕ್ಕೂ ಒಂದು ತಕರಾರು ತೆಗೆದ. ಅದನ್ನು ಹೇಳಲು ಹೊರಟರೆ ಈ ಸಭೆ ಮುಗಿಯುವುದಿಲ್ಲ.

ಈಗ ನಿಮ್ಮ ಸರದಿ. ನಗುತ್ತಿದ್ದೀರಿ, ನಗಿ. ಆದರೆ ಮಗುವಿಗೆ ಭೇದಿಯಾದರೆ “ಇವತ್ತು ಏನೂ ಕೊಡಬೇಡ, ಹೊಟ್ಟೆಗೆ ವಿಶ್ರಾಂತಿ ಇರಲಿ” ಎನ್ನುವ ಅತ್ತೆ ನಿಮ್ಮ ಮನೆಯಲ್ಲಿಲ್ಲವೇ? “ಹಾಲು ಕುಡಿಸಿದರೆ ಹೆಚ್ಚಾಗುತ್ತೆ” ಎನ್ನುವ ನೆರೆಯವಳಿಲ್ಲವೇ? ಕುರಿಗೂ ಹೊಟ್ಟೆ ಕೆಟ್ಟಾಗ ನೀರು ತಪ್ಪಿಸಬಾರದು ಎಂದು ಇವತ್ತಿನ ಪಶುವೈದ್ಯರು ಹೇಳುತ್ತಾರೆ. ನಾಲ್ಕು ಕೋಣೆಯ ಹೊಟ್ಟೆ ಇರುವ ಪ್ರಾಣಿಗೇ ಹೀಗಾದರೆ, ಮುಷ್ಟಿಯಷ್ಟು ಹೊಟ್ಟೆಯ ಮಗುವಿನ ಗತಿ ಏನು?

ಯರ್ರಮ್ಮನ ಕಾಲದಲ್ಲಿ ಬರೀ ಗಂಜಿ ಇತ್ತು. ನಿಮಗೆ ಓ.ಆರ್.ಎಸ್. ಪೊಟ್ಟಣ ಇದೆ. ಅಂಗನವಾಡಿಯಲ್ಲಿ ಸಿಗುತ್ತದೆ, ಆಶಾ ಅಕ್ಕನ ಚೀಲದಲ್ಲಿ ಸಿಗುತ್ತದೆ. ಕೈ ಸೋಪು ಹಾಕಿ ತೊಳೆಯಿರಿ, ಕುದಿಸಿ ಆರಿಸಿದ ನೀರಿಗೆ ಕಲಸಿ, ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ. ಗುಟುಕು ಗುಟುಕಾಗಿ ಕುಡಿಸಿ. ಕಕ್ಕಿದರೆ ಸ್ವಲ್ಪ ತಡೆದು ಮತ್ತೆ ಕುಡಿಸಿ. ಎದೆಹಾಲು ನಿಲ್ಲಿಸಲೇಬೇಡಿ. ಆಶಾ ಅಕ್ಕ ಜಿಂಕ್ ಮಾತ್ರೆ ಕೊಟ್ಟರೆ, ಭೇದಿ ನಿಂತರೂ ಹೇಳಿದಷ್ಟು ದಿನ ಪೂರಾ ಕೊಡಿ. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಟಗರು ಹುಡುಕಬೇಡಿ, ಗಾಡಿ ಹುಡುಕಿ. ಆಸ್ಪತ್ರೆಗೆ ಹೋಗಿ. ದಾರಿಯುದ್ದಕ್ಕೂ ಕುಡಿಯುವಷ್ಟು ಕುಡಿಸುತ್ತಲೇ ಹೋಗಿ.

ಮತ್ತೆ ಒಂದು ಮಾತು. ಹೊಟ್ಟೆ ಕೆಟ್ಟ ಮಗು ಅಳುವಾಗ ಅದರ ಕಣ್ಣು ನೋಡಿ. ಕಣ್ಣೀರು ಬರುತ್ತಿಲ್ಲವೇ? ಹಾಗಿದ್ದರೆ ಮನೆಯಲ್ಲಿ ಯಾರ ಅಪ್ಪಣೆಗೂ ಕಾಯಬೇಡಿ. ಈಗಲೇ ಕುಡಿಸಿ, ಈಗಲೇ ಹೊರಡಿ. ಅದರ ಪಾಲಿನ ಕಣ್ಣೀರನ್ನು ನಾಳೆ ನೀವು ಸುರಿಸುವಂತಾಗದಿರಲಿ.